ಬಣ್ಣದ ರಕ್ತ, ನಿಜವಾದ ನಡುಕ: ಅಗ್ಗದ ಕೊಲೆಚಿತ್ರಗಳು ಯಾಕೆ ಹಿಡಿಸುತ್ತವೆ?

ಕೊಲೆಗಾರನ ಕೈಲಿರುವ ಮಚ್ಚು ರಟ್ಟಿನದೆಂದು ಮೊದಲ ಏಟಿಗೇ ಗೊತ್ತಾಗುತ್ತದೆ. ಕತ್ತು ಕೊಯ್ದ ಮೇಲೂ ಹೆಣದ ಹೊಟ್ಟೆ ಏರಿಳಿಯುತ್ತಿರುತ್ತದೆ. ಅಮಾವಾಸ್ಯೆ ರಾತ್ರಿಯೆಂದು ಪಾತ್ರ ನಡುಗುತ್ತ ಹೇಳುವಾಗ ಅದರ ಕಾಲ ಬುಡದಲ್ಲೇ ಮಧ್ಯಾಹ್ನದ ನೆರಳು ಬಿದ್ದಿರುತ್ತದೆ. ಇಷ್ಟೆಲ್ಲ ಕಂಡರೂ ಜನ ಎದ್ದು ಹೋಗುವುದಿಲ್ಲ. ನಗುತ್ತಾರೆ, ಕಿರುಚುತ್ತಾರೆ, ಮುಂದಿನ ಸರದಿ ಯಾರದೆಂದು ಪಕ್ಕದವರ ಜತೆ ಪಂದ್ಯ ಕಟ್ಟುತ್ತಾರೆ. ಕೊನೆಗೆ ಮನೆಗೆ ಹೋಗುವಾಗ ಓಣಿಯ ಕತ್ತಲೆಗೆ ಒಂದಿಷ್ಟು ಹೆದರುತ್ತಾರೆ ಕೂಡ.

ಇದನ್ನು ಅಭಿರುಚಿಯ ಕೊರತೆ ಎಂದು ತಳ್ಳಿಹಾಕುವವರು ಬಹಳ. ನನಗೆ ಹಾಗೆ ತೋರುವುದಿಲ್ಲ. ಭಯವನ್ನೂ ಆ ಭಯವನ್ನು ಕಟ್ಟಿದ ಕೈಯನ್ನೂ ಒಟ್ಟಿಗೆ ನೋಡುವ ಸುಖ ಇಲ್ಲಿದೆ. ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಜನ ಸಿನಿಮಾ ಹುಟ್ಟುವ ಮೊದಲಿನಿಂದಲೂ ಬಯಲಿನಲ್ಲಿ ಕೂತು ಈ ಸುಖ ಕಂಡವರು.

ಸ್ಲ್ಯಾಶರ್ ಎಂಬ ಜಾತಿ

ಒಬ್ಬ ಕೊಲೆಗಾರ, ಊರಿಂದ ದೂರದ ಒಂದು ಜಾಗ, ಅಲ್ಲಿಗೆ ಬಂದು ಸೇರುವ ಹರೆಯದವರ ಗುಂಪು. ಒಬ್ಬೊಬ್ಬರಾಗಿ ಸಾಯುತ್ತಾರೆ, ಕಡೆಗೊಬ್ಬರು ಉಳಿದು ಎದುರು ನಿಲ್ಲುತ್ತಾರೆ. ಹರಿತವಾದ ಆಯುಧದಿಂದ ಸೀಳುವವನ ಕಥೆಯಾದ್ದರಿಂದ ಇಂಥ ಚಿತ್ರಕ್ಕೆ ಸ್ಲ್ಯಾಶರ್ ಎಂಬ ಹೆಸರು ಬಂತು. ನಮ್ಮ ಕಡೆ ಇದನ್ನು ಬೇರೆಯಾಗಿ ವಿಂಗಡಿಸಿದವರು ಕಡಿಮೆ. ದೆವ್ವದ ಪಿಕ್ಚರ್, ಮರ್ಡರ್ ಪಿಕ್ಚರ್ ಎಂಬ ಎರಡು ಹೆಸರಲ್ಲೇ ಎಲ್ಲವೂ ನಡೆದುಹೋಗುತ್ತದೆ.

1960ರಲ್ಲಿ ಬಂದ ಹಿಚ್‌ಕಾಕ್‌ನ 'ಸೈಕೋ' ಈ ಜಾತಿಯ ಅಜ್ಜ. 1974ರ 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ಮತ್ತು 'ಬ್ಲ್ಯಾಕ್ ಕ್ರಿಸ್‌ಮಸ್' ಅದಕ್ಕೆ ಕಚ್ಚಾ ರೂಪ ಕೊಟ್ಟವು. 1978ರಲ್ಲಿ ಜಾನ್ ಕಾರ್ಪೆಂಟರ್ ಸುಮಾರು 3 ಲಕ್ಷ ಡಾಲರಿನಲ್ಲಿ ಮುಗಿಸಿದ 'ಹ್ಯಾಲೋವೀನ್' 7 ಕೋಟಿ ಡಾಲರಿನಷ್ಟು ಗಳಿಸಿದಾಗ ಕೈಯಲ್ಲಿ ಸ್ವಲ್ಪ ದುಡ್ಡು, ಬೆನ್ನ ಹಿಂದೆ ಒಂದು ಕಾಡು ಇದ್ದವರೆಲ್ಲ ಕ್ಯಾಮೆರಾ ಹಿಡಿದರು. 1980ರ 'ಫ್ರೈಡೇ ದ 13ತ್' ಅವರಲ್ಲಿ ಗೆದ್ದದ್ದು. ಸೋತವು ನೂರಾರು. ಆ ಸೋತ ಚಿತ್ರಗಳೇ ಆಮೇಲೆ ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ಮನೆಮನೆ ಹೊಕ್ಕವು.

ಬಡತನ ಕಟ್ಟಿದ ವ್ಯಾಕರಣ

ಈ ಚಿತ್ರಗಳ ಗುರುತು ಎಂದು ನಾವು ಎಣಿಸುವ ಬಹುಪಾಲು ಸಂಗತಿಗಳು ದುಡ್ಡಿಲ್ಲದ್ದರಿಂದ ಬಂದವು. ಮುಖವಾಡವನ್ನೇ ನೋಡಿ. 'ಹ್ಯಾಲೋವೀನ್' ಕೊಲೆಗಾರ ಹಾಕಿಕೊಂಡದ್ದು 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಮುಖದ, ಅಂಗಡಿಯಲ್ಲಿ ಮಾರುವ ರಬ್ಬರ್ ಮುಖವಾಡ. ಅದಕ್ಕೆ ಬಿಳಿ ಬಣ್ಣ ಬಳಿದು ಕಣ್ಣಿನ ತೂತು ಅಗಲ ಮಾಡಿದರು, ಅಷ್ಟೆ. ಮುಖ ಮುಚ್ಚಿದರೆ ಹೆಸರಾಂತ ನಟ ಬೇಕಾಗಿಲ್ಲ; ಒಬ್ಬ ಬರದಿದ್ದ ದಿನ ಇನ್ನೊಬ್ಬ ಹಾಕಿಕೊಂಡು ನಿಲ್ಲಬಹುದು. ಕೊಲೆಗಾರನ ಕಣ್ಣಿಂದಲೇ ದೃಶ್ಯ ತೋರಿಸುವ ಉಪಾಯದಲ್ಲಿ ಅವನ ಮುಖವನ್ನು ತೋರಿಸುವ ಅಗತ್ಯವೂ ಇಲ್ಲ. ಕ್ಯಾಮೆರಾ ಎತ್ತಿಕೊಂಡು ಗಿಡದ ಮರೆಯಲ್ಲಿ ನಡೆದರೆ ಸಾಕು, ನೋಡುವವನ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ಕಾಡು ಮತ್ತು ಪಾಳುಬಂಗಲೆಗಳು ಬಂದದ್ದೂ ಹೀಗೆಯೇ. ಸ್ಟುಡಿಯೊ ಬಾಡಿಗೆ ಉಳಿಯುತ್ತದೆ. ರಾತ್ರಿ ಚಿತ್ರೀಕರಣಕ್ಕೆ ದೊಡ್ಡ ದೀಪಗಳು, ಜನರೇಟರ್ ಬೇಕು. ಅದಿಲ್ಲದವರು ಹಗಲಲ್ಲೇ ತೆಗೆದು ಫಿಲ್ಟರ್ ಹಾಕಿ ನೀಲಿ ಮಾಡುತ್ತಾರೆ. ಆಗ ಬಿಸಿಲಿನ ನೆರಳು ಸಿಕ್ಕಿಬೀಳುತ್ತದೆ. ಸಂಗೀತಕ್ಕೆ ಬೇರೆಯವರನ್ನು ಕರೆಯಲು ಹಣ ಸಾಲದೆ ಕಾರ್ಪೆಂಟರ್ ತಾನೇ ಕೀಬೋರ್ಡಿನಲ್ಲಿ ನುಡಿಸಿದ ಐದು ಮಾತ್ರೆಯ ಲಯ ಇವತ್ತಿಗೂ ಲೋಕಪ್ರಸಿದ್ಧ.

ಮುಂಬೈಯ ರಾಮ್ಸೆ ಸಹೋದರರು ಈ ವಿದ್ಯೆಯನ್ನು ಭಾರತಕ್ಕೆ ಒಗ್ಗಿಸಿದವರು. ಹೆದರಿಕೆಯ ಚಿತ್ರಗಳಿಗೆ ಕೈಹಾಕುವ ಮೊದಲು ಅವರ ಒಂದು ಚಿತ್ರ ನೆಲಕಚ್ಚಿತ್ತು. ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ಧರಿಸಿ ಕಳ್ಳತನಕ್ಕೆ ಹೋಗುವ ಒಂದೇ ಒಂದು ದೃಶ್ಯಕ್ಕೆ ಮಾತ್ರ ಜನ ಮೈಮರೆಯುವುದನ್ನು ಸಹೋದರರು ಗಮನಿಸಿದರು. ಅದರ ಫಲವಾಗಿ 1972ರಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ಬಂತು. ಮಹಾಬಲೇಶ್ವರದಲ್ಲಿ ತಂಗಿ, ಒಬ್ಬ ನಿರ್ದೇಶನ, ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ ಎಂದು ಮನೆಮಂದಿಯೇ ಕೆಲಸ ಹಂಚಿಕೊಂಡು ತೆಗೆದದ್ದು. 1984ರ 'ಪುರಾನಾ ಮಂದಿರ್' ಅವರ ದೊಡ್ಡ ಗೆಲುವು. ಅನಿರುದ್ಧ್ ಅಗರ್ವಾಲ್ ಮಾಡಿದ ಸಾಮ್ರಿ ಎಂಬ ದೈತ್ಯನ ಮುಖ ಆ ಕಾಲದ ಮಕ್ಕಳ ನಿದ್ದೆ ಕೆಡಿಸಿತ್ತು. ಇವರ ಚಿತ್ರಗಳ ನಿಜವಾದ ಮಾರುಕಟ್ಟೆ ಸಣ್ಣ ಊರುಗಳ ಟಾಕೀಸು. ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವ ಹೊಸಪೇಟೆಯಂಥ ಊರಲ್ಲಿ ಹಿಂದಿಯ ಪಿಕ್ಚರ್ ನೋಡಲು ಮಾತು ಅಡ್ಡಿಯಲ್ಲ. ಹೆದರಿಕೆಯ ಪಿಕ್ಚರಿಗೆ ಮಾತೇ ಅಷ್ಟಾಗಿ ಬೇಡ.

ಕೆಂಪು ಎಲ್ಲಿಂದ ಬರುತ್ತದೆ

'ಸೈಕೋ' ಕಪ್ಪು-ಬಿಳುಪಿನ ಚಿತ್ರ. ಅದರಲ್ಲಿ ಸ್ನಾನದ ತೊಟ್ಟಿಯಲ್ಲಿ ಹರಿದದ್ದು ಚಾಕೊಲೇಟ್ ಪಾಕ. ಚೂರಿ ಹೊಕ್ಕ ಸದ್ದಿಗೆ ಕರಬೂಜದಂಥ ಹಣ್ಣನ್ನು ಇರಿದಿದ್ದರು. ಬಣ್ಣದ ಚಿತ್ರಗಳಿಗೆ ಮೆಕ್ಕೆಜೋಳದ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಬೆರೆಸುವುದು ರೂಢಿಯಾಯಿತು. ಈ ಪಾಕ ಕ್ಯಾಮೆರಾದ ಮುಂದೆ ಮಿಂಚುತ್ತದೆ. ನಿಜವಾದ ರಕ್ತ ಗಾಳಿಗೆ ತಗುಲಿದ ಸ್ವಲ್ಪ ಹೊತ್ತಿಗೇ ಕಂದಿ ಕಂದು ಬಣ್ಣಕ್ಕೆ ತಿರುಗುತ್ತದೆ; ಪಾಕ ಮಾತ್ರ ಎರಡು ದಿನ ಬಿಟ್ಟರೂ ಹಾಗೇ ಕೆಂಪು. ಕಣ್ಣಿಗೆ ಸುಳ್ಳು ಹಿಡಿಯುವುದು ಇಲ್ಲಿಯೇ.

ನಮ್ಮ ಮನೆಗಳಲ್ಲಿ ದೃಷ್ಟಿ ತೆಗೆಯಲು ಕಲಸುವ ಕೆಂಪು ನೀರು ಇನ್ನೂ ಅಗ್ಗದ್ದು: ಅರಿಶಿನ, ಸುಣ್ಣ, ನೀರು. ಅರಿಶಿನದ ಹಳದಿ ಸುಣ್ಣದ ಕ್ಷಾರಕ್ಕೆ ಕೂಡಿದ ಕೂಡಲೆ ಕೆಂಪಾಗುತ್ತದೆ. ಮದುಮಕ್ಕಳ ಮುಂದೆ, ಬಾಣಂತಿಯ ಮುಂದೆ ಆರತಿಯಾಗಿ ಎತ್ತುವ ಆ ನೀರು ರಕ್ತದ ಬದಲಿಗೆ ನಿಂತದ್ದೆಂದು ಎಲ್ಲರಿಗೂ ಒಳಗೊಳಗೇ ಗೊತ್ತು. ಬದಲಿ ಎಂದು ಗೊತ್ತಿದ್ದೂ ಅದನ್ನು ದಾಟಲು ಕಾಲು ಹಿಂಜರಿಯುತ್ತದೆ. ಅಗ್ಗದ ಚಿತ್ರದ ರಕ್ತ ಕೆಲಸ ಮಾಡುವ ರೀತಿ ಇದರಿಂದ ಬಹಳ ದೂರವಿಲ್ಲ.

ರಕ್ತರಾತ್ರಿ

ಬಳ್ಳಾರಿ-ವಿಜಯನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಜಾತ್ರೆ ಹತ್ತಿರ ಬಂತೆಂದರೆ ಯುವಕರು ನಾಟಕ ಕಲಿಯಲು ಕೂಡುತ್ತಾರೆ. ಹಾರ್ಮೋನಿಯಂ ಮಾಸ್ತರರು ಬರುತ್ತಾರೆ, ಸ್ತ್ರೀ ಪಾತ್ರಕ್ಕೆ ಕಲಾವಿದೆಯರನ್ನು ಗೊತ್ತುಮಾಡುತ್ತಾರೆ, ಪರದೆ ಮತ್ತು ರಂಗಸಜ್ಜಿಕೆ ಬಾಡಿಗೆಗೆ ಬರುತ್ತದೆ. ಹಾಗೆ ಆಡುವ ನಾಟಕಗಳಲ್ಲಿ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ತಲೆಮಾರುಗಳಿಂದ ಮುಂಚೂಣಿಯಲ್ಲಿದೆ. 1896ರಿಂದ 1966ರವರೆಗೆ ಬದುಕಿದ್ದ ಹನುಮಂತರಾಯರು 'ಕುರುಕ್ಷೇತ್ರ', 'ಚಿತ್ರಾಂಗದಾ', 'ಬಾಣಸಿಗ ಭೀಮ' ಕೂಡ ಬರೆದವರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಬಳ್ಳಾರಿಯ ರಂಗನಟಿ ಸುಭದ್ರಮ್ಮ ಮನ್ಸೂರು 'ರಕ್ತರಾತ್ರಿ'ಯ ದ್ರೌಪದಿಯಾಗಿ ಈ ಸೀಮೆಯಲ್ಲೆಲ್ಲ ಮನೆಮಾತಾದವರು.

ಆ ನಾಟಕದ ಬೇರು ಮಹಾಭಾರತದ ಸೌಪ್ತಿಕ ಪರ್ವ. ಅದನ್ನು ಈ ಲೇಖನದ ಕಣ್ಣಿಂದ ಒಮ್ಮೆ ಓದಿ ನೋಡಿ. ಯುದ್ಧ ಮುಗಿದಿದೆ, ಗೆದ್ದವರ ಪಾಳೆಯ ನಿದ್ದೆಯಲ್ಲಿದೆ. ಆಲದ ಮರದ ಕೆಳಗೆ ಎಚ್ಚರವಾಗಿ ಕೂತ ಅಶ್ವತ್ಥಾಮನಿಗೆ ಒಂದು ಗೂಬೆ ಮಲಗಿದ ಕಾಗೆಗಳನ್ನು ಒಂದೊಂದಾಗಿ ಕೊಲ್ಲುವುದು ಕಾಣುತ್ತದೆ. ಅವನು ಎದ್ದು ಪಾಳೆಯಕ್ಕೆ ನಡೆಯುತ್ತಾನೆ. ಬಾಗಿಲಲ್ಲಿ ಕೃಪ, ಕೃತವರ್ಮರು ನಿಂತು ಓಡಿ ಬಂದವರನ್ನು ಕೆಡವುತ್ತಾರೆ. ಒಳಗೆ ಧೃಷ್ಟದ್ಯುಮ್ನ ಮೊದಲು ಸಾಯುತ್ತಾನೆ. ಆಯುಧದಿಂದ ಕೊಲ್ಲು ಎಂದು ಅವನು ಬೇಡಿದರೂ ಅಶ್ವತ್ಥಾಮ ತುಳಿದೇ ಕೊಲ್ಲುತ್ತಾನೆ. ಆಮೇಲೆ ದ್ರೌಪದಿಯ ಐವರು ಮಕ್ಕಳು. ಆ ಪಾಳೆಯದಿಂದ ಬದುಕಿ ಬಂದು ಧರ್ಮರಾಯನಿಗೆ ಸುದ್ದಿ ಮುಟ್ಟಿಸುವವನು ಧೃಷ್ಟದ್ಯುಮ್ನನ ಸಾರಥಿ ಒಬ್ಬನೇ.

ರಾತ್ರಿ, ಹೊರಬೀಳಲಾಗದ ಜಾಗ, ನಿದ್ದೆಯಲ್ಲಿರುವ ಎಳೆಯರು, ಹಳೆಯ ಹಗೆಯೊಂದನ್ನು ಹೊತ್ತ ಕೊಲೆಗಾರ, ಕಥೆ ಹೇಳಲು ಉಳಿದ ಒಬ್ಬ. ಹಾಲಿವುಡ್ಡಿನ ಸೂತ್ರವೆಂದು ನಾವು ಹೇಳುವುದರ ಯಾವ ಅಂಗವೂ ಇಲ್ಲಿ ಬಿಟ್ಟುಹೋಗಿಲ್ಲ. 1992ರಲ್ಲಿ ಕ್ಯಾರಲ್ ಕ್ಲೋವರ್ ಎಂಬ ವಿದ್ವಾಂಸೆ ಸ್ಲ್ಯಾಶರ್ ಚಿತ್ರಗಳ ಬಗ್ಗೆ ಬರೆದ ಹೆಸರಾಂತ ಪುಸ್ತಕದಲ್ಲಿ ಕೊನೆಗೆ ಉಳಿಯುವ ಹುಡುಗಿಯನ್ನೇ ಆ ಕಥೆಗಳ ಕೇಂದ್ರವೆಂದು ಗುರುತಿಸಿದಳು. ಸೌಪ್ತಿಕದಲ್ಲಿ ಉಳಿದ ಸಾರಥಿಗೆ ಹೆಸರೂ ಇಲ್ಲ. ಆದರೆ ಆಮೇಲೆ ಸೇಡಿಗೆ ಹಟ ಹಿಡಿದು ಕೂರುವ ದ್ರೌಪದಿ ಇದ್ದಾಳೆ, ಹಳ್ಳಿಯ ಪ್ರೇಕ್ಷಕ ಕಾಯುವುದು ಅವಳಿಗಾಗಿಯೇ.

ಈ ನಾಟಕವನ್ನು ಆಡುವವರು ಹಗಲಲ್ಲಿ ಗದ್ದೆ ಕೆಲಸ ಮಾಡುವ, ಲಾರಿ ಓಡಿಸುವ, ಗಣಿಗೆ ಹೋಗುವ ಜನ. ಮಾತು ಮರೆಯುತ್ತದೆ, ಮೈಕು ಕಿರುಚುತ್ತದೆ, ಮೀಸೆ ಕಳಚುತ್ತದೆ. ಮೆಚ್ಚಿದವರು ನಡುವೆಯೇ ವೇದಿಕೆ ಹತ್ತಿ ಕಾಣಿಕೆ ಕೊಡುತ್ತಾರೆ. ಅಷ್ಟು ಹೊತ್ತು ಶಕುನಿಯೂ ನಿಲ್ಲುತ್ತಾನೆ, ಮಹಾಭಾರತವೂ ನಿಲ್ಲುತ್ತದೆ. ಮತ್ತೆ ಪೇಟಿ ಶುರುವಾದ ಗಳಿಗೆಗೆ ಎಲ್ಲರೂ ಪಾಳೆಯದೊಳಗೆ. ಪರಿಪೂರ್ಣತೆ ಇಲ್ಲದೆಯೂ ನಾಟಕ ಹಿಡಿದು ಕೂರಿಸುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ದೊಡ್ಡಾಟದ ರಕ್ಕಸ

ನಾಟಕಕ್ಕಿಂತ ಹಳೆಯದು ದೊಡ್ಡಾಟವೆಂಬ ಬಯಲಾಟ. ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬೇಗಡೆ ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಹಾರ. ಭಾಗವತರ ಹಾಡು, ಮದ್ದಳೆ, ಮುಖವೀಣೆ. ರಕ್ಕಸ ಪಾತ್ರಕ್ಕೆ ಕೆಂಪು ಮುಖ, ಕಪ್ಪು ಮೀಸೆ, ಕಣ್ಣಿನ ಸುತ್ತ ದಪ್ಪ ಗೆರೆ. ಪರದೆಯ ಹಿಂದಿನ ಆರ್ಭಟ ಮೊದಲು ಕೇಳುತ್ತದೆ, ರಕ್ಕಸ ಕಾಣುವುದು ತಡವಾಗಿ. ಮುಂದೆ ಕೂತ ಮಕ್ಕಳು ಅವ್ವನ ಸೆರಗಿಗೆ ಸರಿಯುವ ಹೊತ್ತದು. ಆಮೇಲೆ ಸಾರಥಿ ಬಂದು ತಾವು ಯಾರು, ಎಲ್ಲಿಂದ ಬಂದಿರಿ ಎಂದು ಆ ರಕ್ಕಸನನ್ನೇ ವಿಚಾರಿಸುತ್ತಾನೆ, ಕುಚೋದ್ಯ ಮಾಡುತ್ತಾನೆ. ಹೆದರಿದವರೇ ನಗುತ್ತಾರೆ.

ಹೆದರಿಸಿ ನಗಿಸುವ ಈ ಕ್ರಮ ಅಗ್ಗದ ಹಾರರ್ ಚಿತ್ರದಲ್ಲಿ ಆಕಸ್ಮಿಕವಾಗಿ ನಡೆಯುತ್ತದೆ; ಬಯಲಾಟ ಅದನ್ನು ಬೇಕೆಂದೇ ಕಟ್ಟಿಕೊಂಡಿದೆ. ಕಲಾವಿದ ಪಕ್ಕದ ಓಣಿಯವನೆಂದು ಎಲ್ಲರಿಗೂ ಗೊತ್ತು. ಬಣ್ಣ ಹಚ್ಚುವುದನ್ನು ಮಕ್ಕಳು ಚೌಕಿಯ ಸಂದಿಯಿಂದ ನೋಡಿಯೇ ಬಂದಿರುತ್ತಾರೆ. ಗೊತ್ತಿದ್ದದ್ದು ಭಯವನ್ನು ಕೊಲ್ಲಲಿಲ್ಲ, ಅದನ್ನು ಹಿಡಿಯಬಲ್ಲಷ್ಟು ಗಾತ್ರಕ್ಕೆ ತಂದಿತು.

ಕಲ್ಲಿನಲ್ಲೂ ಈ ಭಾಗ ರಕ್ತವನ್ನು ಮುಚ್ಚಿಡಲಿಲ್ಲ. ಹಂಪಿಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಮಲಗಿಸಿ ಸೀಳುವ ನರಸಿಂಹನಿದ್ದಾನೆ. ಭರತನ ನಾಟ್ಯಶಾಸ್ತ್ರ ಯುದ್ಧ, ಸಾವುಗಳನ್ನು ರಂಗದ ಮೇಲೆ ನೇರ ತೋರಿಸಬಾರದೆಂದು ವಿಧಿಸಿತ್ತು. ನಮ್ಮ ಬಯಲಾಟದವರು ಅದಕ್ಕೆ ಕಿವಿಗೊಡಲಿಲ್ಲ.

ಕನ್ನಡದ ಪರದೆ

ಪಾಶ್ಚಾತ್ಯ ಮಾದರಿಯ ಅಚ್ಚ ಸ್ಲ್ಯಾಶರ್ ಕನ್ನಡದಲ್ಲಿ ವಿರಳ. ಅದರ ನೆಂಟರು ಮಾತ್ರ ಇದ್ದಾರೆ, ಅವರಲ್ಲಿ ಒಳ್ಳೆಯವರೇ ಹೆಚ್ಚು. ಕಾಶೀನಾಥ್ 1978ರಲ್ಲಿ ಸಣ್ಣ ಬಂಡವಾಳದಲ್ಲಿ 'ಅಪರಿಚಿತ' ಮಾಡಿ, ತಾರೆಯರ ಬೆಂಬಲವಿಲ್ಲದೆಯೂ ಕುತೂಹಲವೊಂದರಿಂದಲೇ ಚಿತ್ರಮಂದಿರ ತುಂಬಿಸಬಹುದೆಂದು ತೋರಿಸಿದರು. ಸುನಿಲ್ ಕುಮಾರ್ ದೇಸಾಯಿ 1989ರಲ್ಲಿ ಹಾಡುಗಳೇ ಇಲ್ಲದ 'ತರ್ಕ' ತಂದರು.

ಕಾಶೀನಾಥರ ಗರಡಿಯಿಂದ ಬಂದ ಉಪೇಂದ್ರ 1993ರಲ್ಲಿ ನಿರ್ದೇಶಿಸಿದ 'ಶ್!' ಈ ಜಾತಿಗೆ ಎಲ್ಲಕ್ಕಿಂತ ಹತ್ತಿರ. ಕುಮಾರ್ ಗೋವಿಂದ್ ನಾಯಕ, ಸಾಧು ಕೋಕಿಲ ಅವರಿಗೆ ಸಂಗೀತ ನಿರ್ದೇಶಕರಾಗಿ ಮೊದಲ ಚಿತ್ರ. ಸಿನಿಮಾ ತೆಗೆಯಲು ಹೊರಾಂಗಣಕ್ಕೆ ಬಂದ ತಂಡದ ಸುತ್ತ ನಡೆಯುವ ಕೊಲೆಗಳ ಕಥೆ ಅದು. ದೆವ್ವವನ್ನು ಕಟ್ಟುವ ಜನರೇ ದೆವ್ವಕ್ಕೆ ಹೆದರುತ್ತಾರೆ. ಬಣ್ಣದ ಡಬ್ಬಿಯೂ ಭಯವೂ ಒಂದೇ ಚೌಕಟ್ಟಿನಲ್ಲಿವೆ. ಹಣದ ಕೊರತೆಯನ್ನೇ ಕಥೆಯ ವಸ್ತುವಾಗಿಸಿದ ಜಾಣ್ಮೆ ಇದು ಎಂದು ನಾನು ಎಣಿಸುತ್ತೇನೆ.

2013ರ '6-5=2' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಚಾರಣಕ್ಕೆ ಹೋದ ಆರು ಗೆಳೆಯರು, ಅವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ನೆಪ. ಕೆ.ಎಸ್. ಅಶೋಕ ನಿರ್ದೇಶಿಸಿದ ಈ ಚಿತ್ರದಲ್ಲಿ ಅಲುಗಾಡುವ ಚಿತ್ರ, ಕೆಟ್ಟ ಬೆಳಕು, ಅಸ್ಪಷ್ಟ ಮಾತು ಎಲ್ಲವೂ ನಿಜದ ಗುರುತಾಗಿ ಬದಲಾದವು. 1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್' ಹಾಕಿದ ದಾರಿ ಅದು. ಹೊಸಬರ ಈ ಚಿತ್ರ ಗೆದ್ದು ಮರುವರ್ಷ ಹಿಂದಿಗೂ ಹೋಯಿತು.

ಕೆಟ್ಟದ್ದನ್ನು ನೋಡುವ ಸುಖ

ಭಯಾನಕ, ಬೀಭತ್ಸ ಎರಡೂ ರಸಗಳೇ. ರಸ ಸರಿಯಾಗಿ ಕೂಡಿಬರದೆ ಅದರ ಆಭಾಸವಾದಾಗ ಹಾಸ್ಯ ಹುಟ್ಟುತ್ತದೆಂದು ಕಾವ್ಯಮೀಮಾಂಸಕ ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ಹೇಳಿದ್ದ. ರಬ್ಬರಿನ ಕೈ ತುಂಡಾಗಿ ಬಿದ್ದು ಪುಟಿದಾಗ ಟಾಕೀಸಿನಲ್ಲಿ ಏಳುವ ನಗುವಿಗೆ ಇಷ್ಟು ಕರಾರುವಾಕ್ಕಾದ ವಿವರಣೆಯನ್ನು ನಾನು ಬೇರೆಲ್ಲೂ ಓದಿಲ್ಲ. ಆ ನಗು ಪೂರ್ತಿ ಅಣಕವಲ್ಲ. ಮರುಕ್ಷಣ ಬಾಗಿಲು ಕಿರ್ರೆಂದರೆ ಅದೇ ಬಾಯಿ ಮುಚ್ಚುತ್ತದೆ.

ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಕೇವಾನ್ ಸರ್ಖೋಶ್ ಮತ್ತು ವಿನ್‌ಫ್ರೀಡ್ ಮೆನ್ನಿಂಗ್‌ಹೌಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂಥ ಕಳಪೆ ಚಿತ್ರಗಳ ಅಭಿಮಾನಿಗಳನ್ನು ಮಾತಾಡಿಸಿತ್ತು. ಅವರ ಓದು ಸರಾಸರಿಗಿಂತ ಹೆಚ್ಚಿನದು, ಗಂಭೀರ ಕಲೆಯ ಕಡೆಗೂ ಒಲವುಳ್ಳವರು ಎಂದು ಅದು ಕಂಡುಕೊಂಡಿತು. ಇದರಲ್ಲಿ ಅಚ್ಚರಿಯಿಲ್ಲ. ನೂರು ಚಿತ್ರ ನೋಡಿದವನಿಗೆ ಎಲ್ಲಿ ಹೊಲಿಗೆ ಬಿಚ್ಚಿದೆ ಎಂದು ಕಾಣುತ್ತದೆ, ಕಂಡದ್ದನ್ನು ಪಕ್ಕದವನಿಗೆ ತೋರಿಸುವುದೇ ಒಂದು ಆಟ. ಹಾಗಾಗಿಯೇ ಇವು ಒಂಟಿಯಾಗಿ ನೋಡುವ ಚಿತ್ರಗಳಲ್ಲ. ಫೋನಿನ ಪರದೆಯಲ್ಲಿ ಒಬ್ಬರೇ ನೋಡಿದರೆ ಅರ್ಧ ಗಂಟೆಗೆ ಬೇಸರ ಬರುತ್ತದೆ. ಹತ್ತು ಜನ ಕೂಡಿದರೆ ಅದೇ ಚಿತ್ರ ರಾತ್ರಿಯಿಡೀ ನಡೆಯುತ್ತದೆ.

ಒಂದು ಷರತ್ತಿದೆ. ಮಾಡಿದವನು ಮನಸಿಟ್ಟು ಮಾಡಿರಬೇಕು. ಲೇಖಕಿ ಸೂಸನ್ ಸಾಂಟ್ಯಾಗ್ 1964ರ ತನ್ನ ಪ್ರಬಂಧದಲ್ಲಿ ಹೇಳಿದ್ದು ಇದನ್ನೇ: ಗಂಭೀರವಾಗಿ ಹೊರಟು ಎಡವಿದ ಕೃತಿಗೆ ಇರುವ ಸೊಗಸು, ಬೇಕೆಂದೇ ಎಡವಿದ್ದಕ್ಕೆ ಇರುವುದಿಲ್ಲ. ರಾಮ್ಸೆಗಳು ತಮಾಷೆ ಮಾಡುತ್ತಿರಲಿಲ್ಲ, ಜನರನ್ನು ಹೆದರಿಸಲೇ ಹೊರಟಿದ್ದರು. ಈಗ ಯೂಟ್ಯೂಬಿನಲ್ಲಿ ಉದ್ದೇಶಪೂರ್ವಕವಾಗಿ ಕಳಪೆ ಮಾಡಿ ವೀಕ್ಷಣೆ ಗಿಟ್ಟಿಸುವ ತುಣುಕುಗಳು ಎರಡನೆಯ ಸಲ ನೋಡಲು ಯೋಗ್ಯವಾಗಿರುವುದಿಲ್ಲ. ಸೋಲುವ ಭಯವಿಲ್ಲದವನ ಕೆಲಸದಲ್ಲಿ ನೋಡುವವನಿಗೂ ಕಾತರ ಹುಟ್ಟುವುದಿಲ್ಲ.

ನಗು ನಿಲ್ಲುವ ಕಡೆ

ಈ ಜಾತಿಯ ಮೇಲಿನ ಪ್ರೀತಿ ಅದರ ಕೊಳಕನ್ನು ಮರೆಸಬಾರದು. ಹೆಣ್ಣಿನ ಮೈಯನ್ನು ಮೊದಲು ಬೆತ್ತಲಾಗಿಸಿ ಆಮೇಲೆ ಕತ್ತರಿಸುವ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ. ಅವನ್ನು ಅಗ್ಗದ ಚಿತ್ರವೆಂಬ ರಿಯಾಯಿತಿಯಲ್ಲಿ ಬಿಡುವುದು ಸರಿಯಲ್ಲ. ಸಾವಿನ ಕ್ರಮದಲ್ಲಿ ನೀತಿಪಾಠ ತುರುಕಿ, ಪ್ರೀತಿಸಿದ ಹುಡುಗಿಯನ್ನೇ ಮೊದಲು ಸಾಯಿಸುವ ಕಥೆಗಳನ್ನು ನಾನು ಸಮರ್ಥಿಸಲಾರೆ.

ನಿಜ ಘಟನೆಗಳ ಮಾತು ಇನ್ನೂ ಬೇರೆ. 2012ರ 'ದಂಡುಪಾಳ್ಯ' ನಿಜವಾದ ದರೋಡೆಕೋರರ ತಂಡವೊಂದರ ಕೃತ್ಯಗಳನ್ನು ಆಧರಿಸಿದ್ದು, ಆ ಕೃತ್ಯಗಳಲ್ಲಿ ಸತ್ತವರಿಗೆ ಮನೆ ಇತ್ತು, ಮಕ್ಕಳಿದ್ದರು. ಅಲ್ಲಿ ಕತ್ತು ಕೊಯ್ಯುವ ಸದ್ದಿಗೆ ಸಿಳ್ಳೆ ಹೊಡೆಯುವುದು ನನಗೆ ಸಹಿಸಲಾಗದ ಸಂಗತಿ. ರಟ್ಟಿನ ಮಚ್ಚು ನೋಡುಗನಿಗೆ ಒಂದು ಭರವಸೆ ಕೊಟ್ಟಿರುತ್ತದೆ: ಇಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು. ಆ ಭರವಸೆ ಇಲ್ಲದ ಕಡೆ ನಗುವ ಹಕ್ಕೂ ಇಲ್ಲ.

ಮಕ್ಕಳ ವಿಷಯದಲ್ಲಿ ತಂದೆತಾಯಿ ಎಚ್ಚರವಾಗಿರಲಿ. 'ಎ' ಪ್ರಮಾಣಪತ್ರದ ಚಿತ್ರ 18 ತುಂಬಿದವರಿಗೆ ಮಾತ್ರ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯ ನಂತರ 'ಯುಎ' ವರ್ಗವನ್ನೂ 7, 13, 16 ವಯಸ್ಸಿನ ಮೂರು ಹಂತಗಳಾಗಿ ಒಡೆಯಲಾಗಿದೆ.

ನಮ್ಮೂರಲ್ಲಿ ತೆಗೆಯುವವರಿಗೆ

ಫೋನಿನಲ್ಲೇ ಸಿನಿಮಾ ತೆಗೆಯಬಹುದಾದ ಕಾಲವಿದು. ಸಂಡೂರಿನ ಕೆಮ್ಮಣ್ಣಿನ ಗುಡ್ಡ, ಕಂಪ್ಲಿಯ ಹೊಳೆದಂಡೆ, ಹಂಪಿಯ ಬಂಡೆಗಳ ನಡುವಿನ ಸಂಜೆಗತ್ತಲೆ, ಇವನ್ನು ಕಟ್ಟಲು ಯಾವ ಸ್ಟುಡಿಯೊಗೂ ಸಾಧ್ಯವಿಲ್ಲ. ಮೊದಲ ಚಿತ್ರ ಕೆಟ್ಟದಾಗಿಯೇ ಬರಲಿ, ಮುಗಿಸುವುದು ಮುಖ್ಯ. ಹೆದರಿಸುವ ದೃಶ್ಯ ಎಲ್ಲಿ ಕೆಲಸ ಮಾಡಿತು, ಎಲ್ಲಿ ಬಿತ್ತು ಎಂಬುದನ್ನು ಪ್ರೇಕ್ಷಕನ ಕಿರುಚಾಟವೇ ಆ ಕ್ಷಣಕ್ಕೆ ಹೇಳಿಬಿಡುತ್ತದೆ. ಬೇರೆ ಜಾತಿಯ ಚಿತ್ರಕ್ಕೆ ಈ ಅನುಕೂಲ ಕಡಿಮೆ.

ಹಂಪಿಯಲ್ಲಿ ಮಾತ್ರ ಕಾನೂನು ತಿಳಿದು ಕ್ಯಾಮೆರಾ ಎತ್ತಿ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಈ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಕಲ್ಲಿನ ಮೇಲೆ ಕೆಂಪು ಪಾಕ ಸುರಿಯಬೇಡಿ, ಸುಣ್ಣದ ನೀರನ್ನಂತೂ ತಾಗಿಸಲೇಬೇಡಿ. 2019ರ ಫೆಬ್ರವರಿಯಲ್ಲಿ ಹಂಪಿಯ ದೇಗುಲವೊಂದರ ಕಂಬಗಳನ್ನು ಕೆಡವಿ ಅದರ ವಿಡಿಯೊ ಹರಡಿದ ಪ್ರಕರಣದಲ್ಲಿ ನಾಲ್ವರು ಯುವಕರಿಗೆ ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು, ಬಿದ್ದ ಕಂಬಗಳನ್ನು ಅವರಿಂದಲೇ ಎತ್ತಿ ನಿಲ್ಲಿಸಿತು.